ಎಡಕ್ಕೆ ಹಾರಿದ ಹಕ್ಕಿ

"ಸುಳ್ಳ!"

ಅಂದವಳು ನಾನು. ಅನ್ನಬೇಕೆಂದು ಅಂದದ್ದಲ್ಲ, ಬಾಯಿಂದ ಜಾರಿಬಿಟ್ಟಿತು.

ಸಿಂದಗಿಯ ಸಂತೆಯ ಬಯಲಿನಲ್ಲಿ ಊರಿಗೆ ಊರೇ ಕೂತಿತ್ತು. ನಡುವೆ ಎರಡು ಬಿದಿರುಗಳಿಗೆ ಬಿಗಿದ ಬಿಳಿ ಪರದೆ. ಪರದೆಯ ಮುಂದೆ ಗಂಡಸರು, ಹಿಂದೆ ಹೆಂಗಸರು. ನಮ್ಮ ಕಡೆ ಸಿನಿಮಾ ಗಾಡಿ ಬಂದರೆ ಆಗ ಹಾಗೆಯೇ ಕೂರುತ್ತಿದ್ದರು. ತೆಳುವಾದ ಬಟ್ಟೆ, ಚಿತ್ರ ಎರಡೂ ಕಡೆ ಮೂಡುತ್ತಿತ್ತು. ಯಾರ ತಕರಾರೂ ಇರಲಿಲ್ಲ.

ಅದು ಅರವತ್ನಾಲ್ಕನೆಯ ಇಸವಿ. ರಮಜಾನ್ ಹಬ್ಬ ಮುಗಿದು ಜೋಳದ ಸುಗ್ಗಿ ನಡೆದಿತ್ತು. ಹಿಂದಿನ ವರ್ಷದ ಕೊನೆಗೆ ಕೇರಳದ ಸಮುದ್ರದ ದಂಡೆಯಿಂದ ಬಾಹ್ಯಾಕಾಶಕ್ಕೆ ನಮ್ಮ ದೇಶದ ನೆಲದ ಮೊದಲ ರಾಕೆಟ್ ಹಾರಿತ್ತು. ಆ ಹುರುಪಿನಲ್ಲಿ ಸರಕಾರದವರು ರಾಕೆಟ್ಟು ಹುಟ್ಟಿ ಬೆಳೆದ ಕಥೆಯ ಡಾಕ್ಯುಮೆಂಟರಿಯೊಂದನ್ನು ಪ್ರಚಾರದ ವ್ಯಾನಿನಲ್ಲಿ ಹಾಕಿ ತಾಲ್ಲೂಕು ತಾಲ್ಲೂಕಿಗೆ ಕಳಿಸಿದ್ದರು. ಚಿತ್ರದ ಮಾತೆಲ್ಲ ಇಂಗ್ಲಿಷ್. ಹಾಗಾಗಿ ವ್ಯಾನಿನ ಆಪರೇಟರನೇ ಮೈಕ್ ಹಿಡಿದು ಕನ್ನಡದಲ್ಲಿ ಹೇಳುತ್ತ ಹೋಗಬೇಕು. ಧ್ವನಿ ಹರೆಯದ್ದು, ಸ್ವಲ್ಪ ಸೊಕ್ಕಿನದು.

"ನೋಡ್ರಿ, ಇದು ಚೀನಾ ದೇಶ. ನೂರಾರು ವರ್ಷದ ಹಿಂದ ಬಾಣದ ಬೆನ್ನಿಗೆ ಮದ್ದಿನ ಕೊಳವಿ ಕಟ್ಟಿ ಬಿಡತಿದ್ರು. ಬಾಲಕ್ಕ ಬೆಂಕಿ ಹತ್ತಿದ್ರ ಯಾರು ನಿಂದ್ರತಾರ್ರಿ? ಹಂಗ ಓಡತೈತಿ ಮ್ಯಾಲ!"

ಜನ ನಕ್ಕರು. ನಗು ಕೇಳಿ ಆತನಿಗೆ ಇನ್ನೂ ಹುರುಪು.

"ಕೊಳವಿ ಬಾಯಿ ಎಷ್ಟು ಅಗಲ ಇರತೈತಿ, ಅಷ್ಟು ಎತ್ತರ ಹಾರತೈತಿ, ತಿಳೀತೇನ್ರಿ?"

ಆಗ ನಾನು ಅಂದದ್ದು. "ಸುಳ್ಳ!"

ಮೈದಾನ ಒಮ್ಮೆಲೇ ತಣ್ಣಗಾಯಿತು. ನನ್ನ ಸೋದರತ್ತೆ ಇಮಾಮಬಿ ತೊಡೆ ಚಿವುಟಿದಳು. ಮೈಕಿನಿಂದ, "ಯಾರ್ರಿ ಅದು, ಪರದೆ ಹಿಂದ?" ಅಂತ ಬಂತು. ಚಿವುಟಿದ ಉರಿಯಲ್ಲಿ ನನಗೆ ಮತ್ತಷ್ಟು ಬಾಯಿ ಬಂತು.

"ಬಾಯಿ ಅಗಲ ಇದ್ರ ಬುಸ್ ಅಂತ ಅಲ್ಲೇ ಉರದು ಬೂದಿ ಆಗತೈತ್ರಿ. ಬಾಣಕ್ಕ ಕುತ್ತಿಗಿ ಇರಬೇಕು. ಕುತ್ತಿಗಿ ಬಿಗಿದಷ್ಟೂ ಹಾರತೈತಿ!"

ಆಮೇಲೆ ಮೈಕು ಕೆಮ್ಮಿತು.

"ಹಂಗಾರ ನನ್ನ ಕುತ್ತಿಗಿನೂ ಬಿಗದ್ರಿ ನೀವು. ಸೋತೆ. ಮುಂದಿನ ಚಿತ್ರ ನೋಡೂಣು."

ಈ ಸಲ ಹೆಂಗಸರೂ ನಕ್ಕರು. ನಾನು ಸೆರಗಿನೊಳಗೆ ಮುಖ ಮುಚ್ಚಿಕೊಂಡೆ. ಆದರೆ ನನ್ನೊಳಗೆ ಬೇರೊಂದು ನಾಚಿಕೆಯೂ ಕೂತಿತ್ತು. ಚಿತ್ರಕ್ಕೆ ಮೊದಲು ಗಾಜಿನ ಮೇಲೆ ಕೈಯಿಂದ ಬರೆದ ಅಕ್ಷರಗಳು ಪರದೆಯ ಮೇಲೆ ಮೂಡಿದ್ದವು. ಆರು ತಿಂಗಳಿಂದ ಸುಮಿತ್ರಾಬಾಯಿಯವರ ರಾತ್ರಿ ಶಾಲೆಯಲ್ಲಿ ಪಾಟಿ ತಿದ್ದುತ್ತಿದ್ದವಳು ನಾನು. ಆ ಸಾಲಿನ ಒಂದಕ್ಷರವೂ ನನಗೆ ಹತ್ತಲಿಲ್ಲ. "ಏನ ಬರದಾರ ಪೀರಬಿ?" ಅಂತ ಇಮಾಮಬಿ ಕೇಳಿದಾಗ, "ಇಂಗ್ಲಿಷ ಐತಿ" ಅಂದುಬಿಟ್ಟಿದ್ದೆ. ಅವತ್ತಿನ ಮೊದಲ ಸುಳ್ಳು ಆಪರೇಟರನದಲ್ಲ, ನನ್ನದು.

*

ನಮ್ಮದು ಬಾಣ ಕಟ್ಟುವ ಮನೆತನ. ಮದುವೆಗೆ, ಉರುಸಿಗೆ ಆಕಾಶಕ್ಕೆ ಬಿಡುವ ಮದ್ದಿನ ಬಾಣ. ಊರ ಹೊರಗೆ, ಬಾವಿಯ ಪಕ್ಕ ನಮ್ಮ ಛಪ್ಪರ. ಒಳಗೆ ಒಲೆಯಿಲ್ಲ, ಚಿಮಣಿಯಿಲ್ಲ, ಬೀಡಿ ಸೇದುವವರಿಗೆ ಜಾಗವಿಲ್ಲ. ಬಾಗಿಲಲ್ಲಿ ಒಂದು ಹಿತ್ತಾಳೆ ಬಟ್ಟಲು.

ದಿನಾ ಬೆಳಿಗ್ಗೆ ಅಬ್ಬಾ ಆ ಬಟ್ಟಲನ್ನು ಕಂಠದ ಮಟ ನೀರು ತುಂಬಿ ಅಂಗೈ ಮೇಲೆ ಇಡುತ್ತಿದ್ದ. ಮೊದಲು ತನ್ನ ಕೈ, ಆಮೇಲೆ ನನ್ನ ಕೈ. ಬಾಯಿಯೊಳಗೆ ಬಿಸ್ಮಿಲ್ಲಾ ಅಂತ ಹತ್ತು ಸಲ ಅನ್ನುವವರೆಗೆ ನೀರು ಅಲುಗಬಾರದು. ಚೆಲ್ಲಿದರೆ ಅವತ್ತು ಮದ್ದು ಮುಟ್ಟುವಂತಿಲ್ಲ. ಜಗಳಾಡಿ ಬಂದವನ ಕೈ, ಉಪವಾಸದ ಕೈ, ಜ್ವರದ ಕೈ ಎಲ್ಲವೂ ಆ ಬಟ್ಟಲಿಗೆ ಗೊತ್ತಾಗುತ್ತಿತ್ತು. ನನ್ನ ಹತ್ತನೆಯ ವರ್ಷದಿಂದ ಹತ್ತೊಂಬತ್ತರ ತನಕ ನನ್ನ ಕೈಯಿಂದ ಒಂದು ಹನಿ ಬಿದ್ದಿರಲಿಲ್ಲ.

ಮರುದಿನ ಬೆಳಿಗ್ಗೆ ಆತ ಅಲ್ಲಿಗೇ ಬಂದ. ಖಾಕಿ ಪ್ಯಾಂಟು, ತೋಳು ಮಡಚಿದ ಬಿಳಿ ಅಂಗಿ, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲು. ಹಿಂದೆ ವ್ಯಾನಿನ ಡ್ರೈವರ್ ಸೋಮನಿಂಗ, ಹೊಟ್ಟೆ ಮೊದಲು, ಮನುಷ್ಯ ಆಮೇಲೆ.

"ಸಲಾಂ ಅಲೈಕುಂ. ನಾ ಅಬ್ದುಲಗನಿ, ಚಡಚಣದಾಂವ. ಮುರ್ತುಜಾಸಾಬ ಅಂದ್ರ ತಾವೇನ್ರಿ? ನಿನ್ನೆ ಪರದೆ ಹಿಂದಿನಿಂದ ನನ್ನ ಕುತ್ತಿಗಿ ಬಿಗಿದವರು ಈ ಮನಿಯವರ ಅಂತ ಊರಾಗ ಹೇಳಿದ್ರು."

"ಬಿಗಿದಾಕಿ ನನ್ನ ಮಗಳು," ಅಂದ ಅಬ್ಬಾ. ತಲೆ ಎತ್ತಲಿಲ್ಲ. "ತಪ್ಪು ಹೇಳಿದ್ಲೇನು?"

"ಇಲ್ರಿ. ತಪ್ಪು ಹೇಳಿದಾಂವ ನಾ. ಅದಕ್ಕ ಕಲೀಬೇಕಂತ ಬಂದೇನಿ."

ನಾನು ಒಳಗೆ ಬೆತ್ತದ ತಡಿಕೆಯ ಮರೆಯಲ್ಲಿ ಬಾಣದ ಕಡ್ಡಿ ಸೀಳುತ್ತಿದ್ದೆ. ತಡಿಕೆಯ ಸಂದಿಯಿಂದ ಆತನ ಒಂದು ಕಣ್ಣು, ಅರ್ಧ ಮೀಸೆ ಮಾತ್ರ ಕಾಣುತ್ತಿತ್ತು. ಆ ಒಂದು ಕಣ್ಣು ಛಪ್ಪರದ ಮೂಲೆ ಮೂಲೆ ಹುಡುಕಿ ಕೊನೆಗೆ ತಡಿಕೆಯ ಸಂದಿಗೇ ಬಂದು ನಿಂತಿತು. ನಾನು ಹಿಂದೆ ಸರಿಯಬೇಕಿತ್ತು. ಸರಿಯಲಿಲ್ಲ.

ಅಬ್ಬಾ ಬಟ್ಟಲು ತುಂಬಿ ಆತನ ಅಂಗೈ ಮೇಲೆ ಇಟ್ಟ. "ಒಳಗ ಬರೂಕಿಂತ ಮೊದಲ ಇದನ್ನ ಹಿಡೀ."

"ಇಷ್ಟ ಏನ್ರಿ? ರೀಲು ತುಂಬೂ ಕೈ ಇದು!"

ಆತ ಜಂಬದಿಂದ ಹಿಡಿದ. ನಾನು ಒಳಗಿಂದ ಮೆಲ್ಲಗೆ ಅಂದೆ: "ಬಾಯಿ ಅಗಲ ಐತ್ರಿ, ಹುಷಾರು."

ನೀರು ಮೊಣಕೈ ತನಕ ಹರಿಯಿತು. ಸೋಮನಿಂಗ ಹೊಟ್ಟೆ ಹಿಡಿದು ನಕ್ಕ. "ಗನಿ, ನೀ ಮದ್ದು ಮುಟ್ಟಬ್ಯಾಡೋ ಮಾರಾಯ, ನಾವೆಲ್ಲಾರೂ ರಾಕೆಟ್ಟಾಗಿ ಹೋದೇವು!"

ಆತನನ್ನು ಹೊಸ್ತಿಲಲ್ಲೇ ಕೂರಿಸಿ ಅಬ್ಬಾ ಪಾಠ ಹೇಳಿದ. ಖಾಲಿ ಕೊಳವೆ ತೋರಿಸಿದ, ಬಾಯಿಯ ಹತ್ತಿರ ಹುರಿಯಿಂದ ಬಿಗಿದ ಕುತ್ತಿಗೆ ತೋರಿಸಿದ. ಆತ ಕೇಳುತ್ತಿದ್ದ, ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ, ನಡುನಡುವೆ ತಡಿಕೆ ನೋಡುತ್ತಿದ್ದ. ಹೋಗುವಾಗ ಒಂದು ಸುದ್ದಿ ಹೇಳಿದ. ಪರದೆ ಹಿಂದಿನ ಮಾತು ಪ್ರಚಾರ ಇಲಾಖೆಯ ಸಾಹೇಬರಿಗೆ ಬಹಳ ಹಿಡಿಸಿದೆಯಂತೆ. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಲ್ಲಿ ಚಿತ್ರ ಮುಗಿದ ಮೇಲೆ ಜನರ ಎದುರು ಒಂದು ನಿಜವಾದ ಬಾಣ ಬಿಟ್ಟು ತೋರಿಸಬೇಕಂತೆ.

"ಬರ್ತೇನಿ," ಅಂದ ಅಬ್ಬಾ. "ನನಗ ಸಂಜಿ ಕಣ್ಣು ಮಂದ. ಕಡ್ಡಿ ಕಟ್ಟಾಕ ಮಗಳು ಬೇಕು. ಆಕಿ ಜೋಡಿ ನನ್ನ ತಂಗಿ ಬರ್ತಾಳ."

ಆ ಅರ್ಧ ಮೀಸೆ ಅಷ್ಟಗಲ ಆದದ್ದನ್ನು ನಾನು ಸಂದಿಯಿಂದ ನೋಡಿದೆ.

ಮರುದಿನ ಬೆಳಿಗ್ಗೆ ನನ್ನ ಅಂಗೈ ಮೇಲಿನ ಬಟ್ಟಲು ಏಳನೆಯ ಬಿಸ್ಮಿಲ್ಲಾಕ್ಕೆ ಚೆಲ್ಲಿತು. ಅಬ್ಬಾ ನೀರನ್ನು ನೋಡಿದ, ನನ್ನನ್ನು ನೋಡಿದ. "ಇವತ್ತ ಕಡ್ಡಿ ಸೀಳು," ಅಂದ, ಅಷ್ಟೇ.

*

ಇಂಡಿಯಲ್ಲಿ ಮದ್ದಿನ ಪೆಟ್ಟಿಗೆಯನ್ನು ಹೆಂಗಸರ ಕಡೆ ಇಟ್ಟರು. ಗಂಡಸರ ಕಡೆ ಬೀಡಿಯ ಕಿಡಿ. ಹಾಗಾಗಿ ಅಲ್ಲಿಯೂ ನಾನು ಪರದೆಯ ಹಿಂದೆಯೇ. ಆದರೆ ಈ ಸಲ ಮೈಕಿನ ಧ್ವನಿ ನನಗಾಗಿಯೇ ಮಾತಾಡುತ್ತಿತ್ತು.

"ಇದು ನಮ್ಮ ಮೈಸೂರು ಸೀಮಿ ರಾಕೆಟ್ರಿ. ಕಬ್ಬಿಣದ ಕೊಳವಿ, ಬಿದಿರಿನ ಕಡ್ಡಿ. ಇಂಗ್ಲಿಷರ ದಂಡು ದಿಕ್ಕಾಪಾಲಾಗಿ ಓಡಿತು. ಯಾಕ ಹಾರತಿತ್ತು? ಕುತ್ತಿಗಿ ಬಿಗಿದಿತ್ತು! ನನಗ ಯಾರು ಕಲಿಸಿದ್ರು ಅಂತ ಕೇಳಬ್ಯಾಡ್ರಿ, ಅವರು ಪರದೆ ಹಿಂದ ಅದಾರ."

ಇಮಾಮಬಿ ನನ್ನ ಕಿವಿಯಲ್ಲಿ, "ಈ ಮೂಳ ನಮ್ಮ ಮಾನ ಲೌಡಸ್ಪೀಕರಿನ್ಯಾಗ ಹಾಕತೈತಿ" ಅಂದಳು. ಅಂದವಳ ತುಟಿಯಲ್ಲೂ ನಗು.

ಶ್ರೀರಂಗಪಟ್ಟಣದ ರಾಕೆಟ್ಟುಗಳನ್ನು ಇಂಗ್ಲಿಷರು ಹಡಗಿನಲ್ಲಿ ಒಯ್ದದ್ದು, ಅದನ್ನು ನೋಡಿ ತಮ್ಮವು ಮಾಡಿಕೊಂಡದ್ದು ಬಂತು. ರಷ್ಯಾದ ಒಬ್ಬ ಮಾಸ್ತರ ಹಲಗೆಯ ಮೇಲೆ ಲೆಕ್ಕ ಬರೆದ. ಅಮೇರಿಕದ ಒಬ್ಬ ಮನುಷ್ಯ ತನ್ನ ಅತ್ತೆಯ ಹೊಲದಲ್ಲಿ ರಾಕೆಟ್ ಹಚ್ಚಿದ, ಅದು ಎರಡೂವರೆ ಸೆಕೆಂಡು ಹಾರಿ ಎಲೆಕೋಸಿನ, ಅಂದರೆ ನಮ್ಮ ಕೋಬಿಯ, ಗಡ್ಡೆಗಳ ನಡುವೆ ಬಿತ್ತು. ಅಲ್ಲಿ ಹೆಂಗಸರೆಲ್ಲ "ಅಯ್ಯ ಪಾಪ" ಅಂದರು. ಕೊನೆಗೆ ಕೇರಳದ ದಂಡೆಯ ರಾಕೆಟ್ಟು, ತೆಂಗಿನ ಮರಗಳ ಮೇಲೆ ಎಡಕ್ಕೆ ವಾಲುತ್ತ ಮೋಡ ಸೇರಿತು.

ಬಾಣ ಬಿಟ್ಟಾಯಿತು. ಜನ ಚದುರಿದರು. ಅಬ್ಬಾ ಸಂಜೆಯ ಮಗ್ರಿಬ್ ನಮಾಜು ತಪ್ಪಿದ್ದಕ್ಕೆ ಪಕ್ಕದ ಮಸೂತಿಗೆ ಹೋದ. ಸೋಮನಿಂಗ ಜನರೇಟರು ಎತ್ತಲು ಯಾರನ್ನೋ ಕರೆಯುತ್ತಿದ್ದ. ಗನಿ ಒಬ್ಬನೇ ಪರದೆ ಬಿಚ್ಚಿ, ಅಷ್ಟುದ್ದದ ಬಟ್ಟೆಯೊಳಗೆ ಸಿಕ್ಕಿಕೊಂಡು ಒದ್ದಾಡುತ್ತಿದ್ದ.

"ಹಂಗ ಮಡಚಿದ್ರ ನೆರಿಗಿ ಬೀಳತಾವ್ರಿ," ಅಂದೆ.

"ಹಂಗಾರ ಆ ತುದಿ ಹಿಡೀರಿ."

ಹಿಡಿದೆ. ಆ ತುದಿಯಲ್ಲಿ ಆತ, ಈ ತುದಿಯಲ್ಲಿ ನಾನು. ಒಮ್ಮೆ ಜಾಡಿಸಿದೆವು. ಬಟ್ಟೆ ನಮ್ಮ ನಡುವೆ ಉಬ್ಬಿ ಇಳಿಯಿತು. ಆತ ಎರಡು ಹೆಜ್ಜೆ ಬಂದ, ನಾನು ಎರಡು ಹೆಜ್ಜೆ ಹೋದೆ. ಅಂಚಿಗೆ ಅಂಚು ಕೂಡಿಸಿದೆವು. ಬೆರಳು ತಾಕಲಿಲ್ಲ. ತಾಕಬಾರದೆಂದು ಇಬ್ಬರೂ ಎಷ್ಟು ಎಚ್ಚರ ವಹಿಸಿದೆವೆಂದರೆ, ಅದು ತಾಕಿದ್ದಕ್ಕಿಂತ ಹೆಚ್ಚಾಯಿತು.

"ಆ ಎಡಚ ಮಾಸ್ತರ ಯಾರ್ರಿ?" ಅಂದೆ, ಏನಾದರೂ ಕೇಳಬೇಕೆಂದು. "ಹಲಗಿ ಮ್ಯಾಲ ಎಡಗೈಲೆ ಬರೀತಾನಲ್ಲ?"

"ಎಡಚ ಅಲ್ರಿ, ಅಂವ ಕಿವುಡ. ಕಿವಿ ಮಂದ ಇದ್ವು," ಅಂತ ಆತ ನಕ್ಕ. ನಾನೂ ನಕ್ಕೆ. ಆ ಮಾತನ್ನು ಅಲ್ಲಿಯೇ ಬಿಟ್ಟೆವು. ಬಿಡಬಾರದಿತ್ತು.

ಮತ್ತೊಂದು ಮಡಿಕೆಗೆ ಬರುವಾಗ ಆತ ಮೆಲ್ಲಗೆ, "ಬಾಗೇವಾಡಿ ಮುಗಿದ ಮ್ಯಾಲ ನನಗ ಕಾರವಾರಕ್ಕ ಬದಲಿ ಆಗೈತಿ" ಅಂದ.

ನನ್ನ ಕೈಯಿಂದ ಅಂಚು ಜಾರಿತು.

"ನಾಳೆ ಚಡಚಣಕ್ಕ ಹೋಗತೇನಿ. ಅವ್ವನ್ನ ಒಂದು ಮಾತು ಕೇಳೂದೈತಿ."

"ಏನ ಕೇಳತೀರಿ?"

"ಒಂದು ಪರದೆ ಮಡಚಾಕ ಇಬ್ಬರು ಬೇಕಾಗತಾರ ಅಂತ."

ನಾನು ನೆಲ ನೋಡಿದೆ. ಆಮೇಲೆ ಹೇಳಲೇಬೇಕಾದದ್ದನ್ನು ಹೇಳಿದೆ. ನನಗೆ ಅಣ್ಣತಮ್ಮಂದಿರಿಲ್ಲ. ಹಾಗಾಗಿ ಮದ್ದಿನ ಅಳತೆಯನ್ನು ಅಬ್ಬಾ ನನಗೆ ಕಲಿಸಿದ್ದ. ಯಾವುದು ಎಷ್ಟು, ಯಾವ ಇದ್ದಿಲು, ಎಷ್ಟು ಅರೆಯಬೇಕು ಅನ್ನುವುದೆಲ್ಲ. ಅದು ಮನೆತನದ ಗುಟ್ಟು. ಅಳತೆ ಬಲ್ಲ ಮಗಳನ್ನು ಬಾಣದವರಲ್ಲದ ಮನೆಗೆ ಕೊಡುವುದಿಲ್ಲ. ಆಲಮೇಲದ ಬಾಣದವರ ಮನೆಯಿಂದ ಮಾತು ಬಂದಿತ್ತು. ಹೂಂ ಅನ್ನುವುದಷ್ಟೇ ಬಾಕಿ.

ಆತ ಜಾರಿದ ಅಂಚನ್ನು ಎತ್ತಿ ನನ್ನ ಕೈಗೆ ಕೊಟ್ಟ. "ಮೊದಲ ಅವ್ವ ಹೂಂ ಅನ್ನಲಿ. ಆಮ್ಯಾಲ ನಿಮ್ಮ ಅಬ್ಬಾನ ಕಾಲು ಹಿಡೀತೇನಿ, ನೀರು ಚೆಲ್ಲಿದ್ರೂ ಬಿಡಂಗಿಲ್ಲ."

ಅಷ್ಟರಲ್ಲಿ ಇಮಾಮಬಿಯ ಕೆಮ್ಮು ಕೇಳಿಸಿತು. ಅದು ನೆಗಡಿಯ ಕೆಮ್ಮಲ್ಲ.

"ಮುದ್ದೇಬಿಹಾಳದಾಗ ಮಾತಾಡಾಕ ಬಿಡಲಿಕ್ಕಿಲ್ಲ," ಅಂತ ಆತ ಅವಸರದಿಂದ ಅಂದ. "ಚಿತ್ರ ಹಚ್ಚೂಕಿಂತ ಮೊದಲ ನಾ ದೀಪದ ಮುಂದ ಕೈ ಹಿಡದು ಪರದೆ ಮ್ಯಾಲ ನೆರಳಿನ ಹಕ್ಕಿ ಮಾಡತೇನಿ. ಬಲಕ್ಕ ಹಾರಿದ್ರ ಅವ್ವ ಹೂಂ ಅಂದಾಳ. ಎಡಕ್ಕ ಹಾರಿದ್ರ…"

ಮುಗಿಸಲಿಲ್ಲ. ಮಡಚಿದ ಪರದೆಯನ್ನು ನನ್ನ ಕೈಯಿಂದ ತೆಗೆದುಕೊಂಡು ವ್ಯಾನಿನ ಕಡೆ ಹೋದ.

*

ಮುದ್ದೇಬಿಹಾಳಕ್ಕೆ ಹೋಗುವ ತನಕ ಆರು ದಿನ. ಆ ಆರು ದಿನ ನಾನು ಕೂತಲ್ಲಿ ಕೂರಲಿಲ್ಲ. ರೊಟ್ಟಿ ಬಡಿಯುತ್ತ ಬಡಿಯುತ್ತ ಹರಿದೆ. ಕೊಡ ತುಂಬಿದ ಮೇಲೂ ಹಗ್ಗ ಬಾವಿಗೆ ಬಿಟ್ಟೆ. ಬಳೆಗಳನ್ನು ಮೇಲೆ ಸರಿಸಿದೆ, ಕೆಳಗೆ ಇಳಿಸಿದೆ. ರಾತ್ರಿ ಶಾಲೆಯಲ್ಲಿ ಸುಮಿತ್ರಾಬಾಯಿಯವರು ಪಾಟಿ ನೋಡಿ, "ಇದೇನ ಪೀರಬಿ, ಹಕ್ಕಿ ಬರದೀದಿ?" ಅಂದರು. ಬೆಳಗಿನ ಬಟ್ಟಲು ಒಂದು ದಿನವೂ ಹತ್ತರ ತನಕ ನಿಲ್ಲಲಿಲ್ಲ. ಅಬ್ಬಾ ಒಬ್ಬನೇ ಬಾಣ ತುಂಬಿದ.

ಮುದ್ದೇಬಿಹಾಳದಲ್ಲಿ ಇಮಾಮಬಿ ನನ್ನ ಸೆರಗಿನ ತುದಿಯನ್ನು ತನ್ನ ಸೆರಗಿಗೆ ಗಂಟು ಹಾಕಿ ಕೂತಳು. "ಈಗ ಯಾವ ಪರದೆ ಮಡಚತಿ, ಮಡಚು" ಅಂದಳು.

ಕತ್ತಲಾಯಿತು. ಪರದೆಯ ಮೇಲೆ ಬೆಳಕಿನ ಚೌಕ ಬಿತ್ತು. ನನ್ನ ಎದೆ ಎಲ್ಲಿ ಹೊಡೆದುಕೊಳ್ಳುತ್ತಿದೆಯೆಂದು ಹೇಳಲು ಬರುವಂತಿರಲಿಲ್ಲ. ಕಿವಿಯಲ್ಲಿ, ಗಂಟಲಲ್ಲಿ, ಪಾದದಲ್ಲಿ, ಎಲ್ಲ ಕಡೆ.

ಎರಡು ಅಂಗೈಗಳ ನೆರಳು ಬಂತು. ಹೆಬ್ಬೆರಳು ಕೂಡಿದವು. ಬೆರಳುಗಳು ರೆಕ್ಕೆಯಾದವು. ಹಕ್ಕಿ ಚೌಕದ ನಡುವೆ ಒಂದು ಕ್ಷಣ ನಿಂತು ರೆಕ್ಕೆ ಬಡಿಯಿತು. ಮಕ್ಕಳು ಚಪ್ಪಾಳೆ ಹೊಡೆದವು.

ಹಕ್ಕಿ ಎಡಕ್ಕೆ ಹಾರಿತು.

ತಪ್ಪಿ ನೋಡಿದೆನೇನೋ ಅಂತ ನನ್ನ ಬಲಗೈ ಮುಟ್ಟಿಕೊಂಡೆ, ಎಡಗೈ ಮುಟ್ಟಿಕೊಂಡೆ. ಹಕ್ಕಿ ಮತ್ತೊಮ್ಮೆ ಬಂತು. ಮತ್ತೆ ಎಡಕ್ಕೇ. ಮೂರನೆಯ ಸಲ ಇನ್ನೂ ಜೋರಾಗಿ ರೆಕ್ಕೆ ಬಡಿಯುತ್ತ, ಕುಣಿಯುತ್ತ ಎಡಕ್ಕೆ ಹೋಯಿತು. ಇಲ್ಲ ಅನ್ನುವುದನ್ನು ಒಂದು ಸಲ ಹೇಳಿದರೆ ಸಾಲದೇನು? ಕುಣಿದು ಹೇಳಬೇಕೇನು?

ಅವತ್ತು ಮೈಕು ಹಿಂದೆಂದೂ ಇಲ್ಲದ ಹುರುಪಿನಲ್ಲಿತ್ತು. ಕೋಬಿ ಹೊಲದ ಹತ್ತಿರ ಬಂದಾಗ, "ಎರಡೂವರೆ ಸೆಕೆಂಡ ಹಾರಿದ್ದು ಸಣ್ಣದಂತ ತಿಳೀಬ್ಯಾಡ್ರಿ, ಮುಂದಿನದೆಲ್ಲಾ ಅಲ್ಲಿಂದ ಸುರುವಾತು" ಅಂತ ನಕ್ಕಿತು. ನಾನು ಗಂಟು ಹಾಕಿದ ಸೆರಗಿನಲ್ಲೇ ಕಣ್ಣು ಒರೆಸಿಕೊಂಡೆ. ಇಮಾಮಬಿ ನೋಡಿದಳು. ಗಂಟು ಬಿಚ್ಚಿದಳು.

ಮರುದಿನ ಬೆಳಿಗ್ಗೆ, ಉಳಿದುಕೊಂಡಿದ್ದ ಮನೆಯ ಅಂಗಳದಲ್ಲಿ, ಅಬ್ಬಾ ಬಟ್ಟಲು ಕೊಟ್ಟ. ಎರಡನೆಯ ಬಿಸ್ಮಿಲ್ಲಾಕ್ಕೆ ನೀರೆಲ್ಲ ಕಾಲ ಮೇಲೆ.

"ಅಬ್ಬಾ," ಅಂದೆ. "ಆಲಮೇಲದವರಿಗೆ ಹೂಂ ಅಂತ ಹೇಳಿಬಿಡು."

ಅಬ್ಬಾ ಖಾಲಿ ಬಟ್ಟಲನ್ನು ಅಂಗಿಯ ತುದಿಯಿಂದ ಒರೆಸಿದ. ಬಹಳ ಹೊತ್ತು ಒರೆಸಿದ. ಹೂಂ ಅನ್ನಲಿಲ್ಲ, ಊಂಹೂಂ ಅನ್ನಲಿಲ್ಲ.

*

ಬಸವನ ಬಾಗೇವಾಡಿಯಲ್ಲಿ ಗನಿ ನನ್ನನ್ನು ಕಂಡವನೇ ಹಲ್ಲು ತೋರಿಸಿದ. ವ್ಯಾನಿನ ಹಿಂದಿನಿಂದ ಬಂದು, "ಹಕ್ಕಿ ನೋಡಿದ್ರಿಲ್ಲೋ?" ಅಂದ.

"ನೋಡಿದೆ."

"ಮತ್ತ ಮಾರಿ ಹಿಂಗ್ಯಾಕ? ಖುಷಿ ಆಗಲಿಲ್ಲೇನು?"

"ಇಂಥಾದಕ್ಕ ಇಷ್ಟು ನಗಿ ಹ್ಯಾಂಗ ಬರತೈತ್ರಿ ನಿಮಗ?" ಅಂದೆ. "ಕಾರವಾರಕ್ಕ ಸುಖದಿಂದ ಹೋಗ್ರಿ. ನಾ ಆಲಮೇಲಕ್ಕ ಹೂಂ ಅಂದೇನಿ."

ಆತನ ಮುಖದಲ್ಲಿದ್ದ ದೀಪ ಆರಿದ್ದು ಕಂಡಿತು. ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಸಾಹೇಬರ ಕಡೆಯವರು ಕರೆದರು, ಕತ್ತಲಾಗುತ್ತ ಬಂದಿತ್ತು, ಜನ ಕೂಗುತ್ತಿದ್ದರು.

ಅವತ್ತು ಗಾಳಿ ಹೆಂಗಸರ ಕಡೆಗೆ ಬೀಸುತ್ತಿತ್ತು. ಅವರ ಹಿಂದೆ ಸಾಲಾಗಿ ಕಣಿಕೆಯ ಬಣವೆಗಳು. ಆ ಕಡೆಯಿಂದ ಬಾಣ ಬಿಟ್ಟರೆ ಊರ ದನಗಳ ವರ್ಷದ ಮೇವು ಸುಡುತ್ತದೆಂದು ಅಬ್ಬಾ ಪೆಟ್ಟಿಗೆಯನ್ನು ಗಂಡಸರ ಕಡೆ, ವ್ಯಾನಿನ ಪಕ್ಕಕ್ಕೆ ತರಿಸಿದ. "ಬೀಡಿ ಹಿಡಿದವ ಯಾವನೂ ಹತ್ತಿರ ಬರಬಾರದು. ನೀ ಪೆಟಗಿ ಮ್ಯಾಲ ಕುಂದರು," ಅಂದ.

ಹಾಗೆ, ಜೀವಮಾನದಲ್ಲಿ ಮೊದಲ ಸಲ, ನಾನು ಪರದೆಯ ಮುಂದೆ ಕೂತೆ. ಹತ್ತು ಮಾರು ದೂರದಲ್ಲಿ ಗನಿಯ ಬೆನ್ನು. ಬಾಗಿದ ಬೆನ್ನು.

ಬೆಳಕಿನ ಚೌಕ ಬಿತ್ತು. ಅಕ್ಷರಗಳು ಬಂದವು.

ಸು-ಸ್ವಾ-ಗ-ತ.

ನಾನು ಓದಿದೆ! ತಡವರಿಸದೆ ಓದಿದೆ. ಇದೇ ಗಾಜು, ಇದೇ ಕೈಬರಹ, ಮೂರು ಊರುಗಳಲ್ಲಿ ಒಂದಕ್ಷರವೂ ಹತ್ತದ ಸಾಲು. ಇದೇನು ಮಾಯೆ?

ಆಮೇಲೆ ಚೀನಾದ ಬಾಣಗಳು ಬಂದವು. ಆ ಕಡೆಯಿಂದ ಈ ಕಡೆ ಹಾರಬೇಕಾದವು ಈ ಕಡೆಯಿಂದ ಆ ಕಡೆ ಹಾರಿದವು. ಮೈಸೂರಿನ ದಂಡು ತಿರುಗಿ ನಿಂತಿತ್ತು. ರಷ್ಯಾದ ಮಾಸ್ತರ ಹಲಗೆಯ ಮುಂದೆ ಬಂದು ಸೀಮೆಸುಣ್ಣ ಎತ್ತಿದ.

ಬಲಗೈಯಲ್ಲಿ.

ಎಡಚ ಅಲ್ರಿ, ಅಂವ ಕಿವುಡ.

ನನ್ನ ಮೈಯಲ್ಲಿ ಯಾರೋ ಬತ್ತಿ ಹಚ್ಚಿದಂತಾಯಿತು. ಪೆಟ್ಟಿಗೆ ಬಿಟ್ಟು ಎದ್ದೆ. ಬೀಡಿ ಹಿಡಿದವರು ಬರಲಿ, ಬೆಂಕಿ ಹಿಡಿದವರು ಬರಲಿ. ಗಂಡಸರ ನಡುವೆ, ಮೊಣಕಾಲು ತುಳಿಯುತ್ತ, "ಏ ಯಾರದು" ಅನ್ನಿಸಿಕೊಳ್ಳುತ್ತ ಹೋದೆ. ಮೊದಲ ರೀಲು ಮುಗಿದಿತ್ತು. ಗನಿ ಎರಡನೆಯದನ್ನು ಏರಿಸುತ್ತಿದ್ದ. ಮೈಕನ್ನು ಪಕ್ಕದ ಸ್ಟೂಲಿನ ಮೇಲೆ ಇಟ್ಟಿದ್ದ.

"ಹಕ್ಕಿ ಯಾವ ಕಡೆ ಹಾರಿತ್ತು?"

ಆತ ಬೆಚ್ಚಿ ತಿರುಗಿದ. "ಬಲಕ್ಕ! ಮೂರು ಸಲ ಬಲಕ್ಕ ಹಾರಿಸೇನಿ! ಅವ್ವ ಹೂಂ ಅಂದಾಳ, ನಾಳೆನ ಕರಕೊಂಡು ಬಾ ಅಂದಾಳ. ಮತ್ತ ನೀವು ಆಲಮೇಲಕ್ಕ…"

"ನಿಮ್ಮ ಬಲಕ್ಕ ಹಾರಿತ್ತು. ನಾ ಪರದೆ ಹಿಂದ ಇದ್ದೆ! ನನಗ ಅದು ಎಡಕ್ಕ!"

ಆತ ಪರದೆ ನೋಡಿದ. ನನ್ನನ್ನು ನೋಡಿದ. ತನ್ನ ಎರಡೂ ಕೈಗಳನ್ನು ಅವು ಬೇರೆಯವರವೋ ಅನ್ನುವಂತೆ ನೋಡಿಕೊಂಡ.

"ಎರಡು ವರ್ಷ ಆತು," ಅಂದ. "ಎರಡು ವರ್ಷ ಈ ಪರದೆ ಕಟ್ಟೇನಿ. ಒಂದು ದಿನ ಹಿಂದ ನಿಂತು ನೋಡಿಲ್ಲ ನಾ."

ಆಗ ನನಗೆ ಒಂದು ಕೇಳಿಸಿತು. ನಮ್ಮ ಮಾತು ನಮಗೇ ಮರಳಿ ಬರುತ್ತಿತ್ತು, ಬಯಲಿನ ಆ ತುದಿಯ ಲೌಡಸ್ಪೀಕರಿನಿಂದ. "ನೋಡಿಲ್ಲ ನಾ…" ಅಂತ ಅದು ಬಾಗೇವಾಡಿಗೆಲ್ಲ ಹೇಳಿತು.

"ಯಾವ ಹಕ್ಕೀರಿ ಅದು?" ಅಂತ ಕತ್ತಲಲ್ಲಿ ಯಾರೋ ಕೇಳಿದರು. "ಇದೂ ರಾಕೆಟ್ಟಿನ ಕಥಿಯೊಳಗ ಬರತೈತೇನು?"

ಪರದೆಯ ಹಿಂದಿನಿಂದ ಇಮಾಮಬಿಯ ಧ್ವನಿ: "ಯಾ ಅಲ್ಲಾ! ಪೀರಬಿ!"

ಸೋಮನಿಂಗ ಓಡಿಬಂದು ಮೈಕಿನ ತಂತಿ ಕಿತ್ತ. ಜನ ಹೋ ಎಂದರು. ನಾನು ನಿಂತಲ್ಲಿಯೇ ಮಣ್ಣಾಗಬಾರದೇ ಅಂದುಕೊಂಡೆ. ಆಗ ಗಂಡಸರ ಸಾಲಿನಿಂದ ಅಬ್ಬಾ ಎದ್ದು ಬಂದ.

"ಚಿತ್ರ ಮುಗಿಸು ಮೊದಲ," ಅಂದ ಗನಿಗೆ. "ಜನಾ ಕುಂತಾರ."

*

ಕೇರಳದ ರಾಕೆಟ್ಟು ತೆಂಗಿನ ಮರಗಳ ಮೇಲೆ ಬಲಕ್ಕೆ ವಾಲುತ್ತ ಮೋಡ ಸೇರಿತು. ಜನ ಬಾಣಕ್ಕಾಗಿ ಕಾಯುತ್ತ ಕೂತರು. ವ್ಯಾನಿನ ಪಕ್ಕ, ಪೆಟ್ಟಿಗೆಯ ಹತ್ತಿರ, ನಾವು ಮೂವರು. ಅಬ್ಬಾ ಚೀಲದಿಂದ ಬಟ್ಟಲು ತೆಗೆದ, ಹೂಜಿಯಿಂದ ಕಂಠದ ಮಟ ನೀರು ಹೊಯ್ದ.

ಗನಿಯ ಅಂಗೈ ಮೇಲೆ ಇಟ್ಟ. ಬಿಸ್ಮಿಲ್ಲಾ ಅನ್ನುವುದರೊಳಗೆ ನೀರು ಮೊಣಕೈಗೆ ಹರಿಯಿತು.

ಮತ್ತೆ ತುಂಬಿ ನನ್ನ ಅಂಗೈ ಮೇಲೆ ಇಟ್ಟ. ಅದೂ ಅಷ್ಟೇ.

"ಮುದ್ದೇಬಿಹಾಳದಾಗ ಆಲಮೇಲಕ್ಕ ಹೂಂ ಅನ್ನು ಅಂದಿ," ಅಂದ ಅಬ್ಬಾ. "ಅವತ್ತೂ ನಿನ್ನ ನೀರು ಚೆಲ್ಲಿತ್ತು. ನೀರು ಚೆಲ್ಲಿದ ದಿನ ಕಟ್ಟಿದ ಬಾಣ ನಾ ಬಿಡಂಗಿಲ್ಲ. ಆ ದಿನ ಆಡಿದ ಮಾತೂ ಹಿಡಿಯಂಗಿಲ್ಲ. ಆಲಮೇಲಕ್ಕ ನಾ ಏನೂ ಹೇಳಿಲ್ಲ."

ಪೆಟ್ಟಿಗೆಯ ಮೇಲೆ ಕೂತೆ.

ಗನಿ ಅಬ್ಬಾನ ಕಾಲ ಹತ್ತಿರ ಬಗ್ಗಿದ. "ಸಾಬ್ರ, ಅಳತಿ ವಿಷಯ ನನಗ ಗೊತ್ತೈತಿ. ನಾ ಎಂದೂ ಕೇಳಂಗಿಲ್ಲ. ಆಕಿ ಬಾಯಿಂದ ಒಂದು ಮಾತೂ…"

"ಕೇಳು," ಅಂದ ಅಬ್ಬಾ. "ಯಾಕ ಕೇಳಬಾರದು?"

ನಾವಿಬ್ಬರೂ ಆತನ ಮುಖ ನೋಡಿದೆವು.

"ನಾಲ್ಕು ಊರಾಗ ನಾಲ್ಕು ಸಲ ಈ ಚಿತ್ರ ನೋಡಿದೆ. ಮಂದಗಣ್ಣಿಲೆ ನೋಡಿದೆ. ಚೀನಾದಾಗ ಹುಟ್ಟಿದ್ದು ಮೈಸೂರಿಗೆ ಬಂತು. ಮೈಸೂರಿನಿಂದ ಇಂಗ್ಲಿಷರ ಊರಿಗೆ ಹೋತು. ಅಲ್ಲಿಂದ ಕಿವುಡನ ಹಲಗಿಗೆ, ಕೋಬಿ ಹೊಲಕ್ಕ. ತಿರುಗಿ ತಿರುಗಿ ಮತ್ತ ನಮ್ಮ ಸಮುದ್ರದ ದಂಡಿಗೆ ಬಂತು. ಅಳತಿ ಯಾರ ಮನ್ಯಾಗೂ ನಿಂತಿಲ್ಲ. ನಿಂತಿದ್ರ ಇನ್ನೂ ಬಾಣದ ಬೆನ್ನಿಗೆ ಕಟಗೊಂಡು ಕುಂದರತಿದ್ರು." ಬಟ್ಟಲನ್ನು ಅಂಗಿಯ ತುದಿಯಿಂದ ಒರೆಸಿದ. "ನನ್ನಪ್ಪನ ಅಳತಿ ಕಾರವಾರಕ್ಕ ಹೋಗಲಿ. ಅಲ್ಲೂ ಸಮುದ್ರ ಐತೆಲ್ಲ."

ಗನಿ ಅಬ್ಬಾನ ಕೈಯನ್ನು ಕಣ್ಣಿಗೊತ್ತಿಕೊಂಡ.

"ಆದ್ರ ಒಂದು," ಅಬ್ಬಾ ಎದ್ದ. "ಇಬ್ಬರದೂ ನೀರು ಚೆಲ್ಲೈತಿ. ನಿಕಾ ಆಗೂತನಕ ಇಬ್ಬರೂ ಮದ್ದು ಮುಟ್ಟಂಗಿಲ್ಲ. ಕಡ್ಡಿ ಹಿಡೀರಿ ಸಾಕು."

ನಾನು ಕಡ್ಡಿಯ ಒಂದು ತುದಿ ಹಿಡಿದೆ, ಗನಿ ಇನ್ನೊಂದು. ವ್ಯಾನಿನ ಹಿಂದಿನ ಬಯಲಿನಲ್ಲಿ ಬಾಣ ನಿಲ್ಲಿಸಿದೆವು. ಈ ಸಲ ಬೆರಳು ತಾಕಿದವು, ಒದ್ದೆಯಾಗಿದ್ದವು. ಯಾರೂ ಹಿಂದೆ ಎಳೆದುಕೊಳ್ಳಲಿಲ್ಲ.

"ಬಲಕ್ಕ ಹೋಗತೈತೋ ಎಡಕ್ಕ ಹೋಗತೈತೋ?" ಅಂತ ಆತ ಪಿಸುಗುಟ್ಟಿದ.

"ಯಾರ ಬಲಕ್ಕ?"

ಅಬ್ಬಾ ಬತ್ತಿಗೆ ಕಿಡಿ ಮುಟ್ಟಿಸಿ ಹಿಂದೆ ಸರಿದ. ಬಿಗಿದ ಕುತ್ತಿಗೆಯೊಳಗಿಂದ ಒಂದು ಸಣ್ಣ ಸೀಟಿ ಹೊರಟಿತು. ಪರದೆಯ ಹಿಂದಿನ ಹೆಂಗಸರು, ಮುಂದಿನ ಗಂಡಸರು ಎಲ್ಲರೂ ತಲೆ ಮೇಲೆ ಮಾಡಿದರು. ಬಾಣ ಎಡಕ್ಕೂ ಹೋಗಲಿಲ್ಲ, ಬಲಕ್ಕೂ ಹೋಗಲಿಲ್ಲ. ನೆಟ್ಟಗೆ ಹೋಯಿತು.